ಊರೇ ಪಾಠಶಾಲೆ: ಮೊಂಡ್ರಾಗಾನ್‌ನಲ್ಲಿ ವಿದ್ಯಾರ್ಥಿಯ ಒಂದು ದಿನ

ವಾಣಿಜ್ಯ ಮತ್ತು ಆಡಳಿತ ನಿರ್ವಹಣೆಯ ವಿದ್ಯಾರ್ಥಿಗಳು ಅಧ್ಯಯನ ಪ್ರವಾಸಕ್ಕೆಂದು ವಿದೇಶಕ್ಕೆ ತೆರಳಿದಾಗ ಮಹಾನಗರಗಳ ಷೇರುಪೇಟೆ, ಬಂದರು ಹಾಗೂ ಬಹುರಾಷ್ಟ್ರೀಯ ಕಂಪನಿಗಳ ಕಚೇರಿಗಳನ್ನು ನೋಡಿ ಬರುವುದು ವಾಡಿಕೆ. ಆದರೆ ಉತ್ತರ ಸ್ಪೇನಿನ ಬಾಸ್ಕ್ ಪ್ರಾಂತದ ಒಂದು ಸಣ್ಣ ಪಟ್ಟಣಕ್ಕೆ ಹಲವು ದಶಕಗಳಿಂದ ನಾನಾ ದೇಶಗಳ ವಿದ್ಯಾರ್ಥಿಗಳು, ಸಂಶೋಧಕರು ಹಾಗೂ ಉದ್ದಿಮೆದಾರರು ಬರುತ್ತಿದ್ದಾರೆ. ಆ ಪಟ್ಟಣವೇ ಮೊಂಡ್ರಾಗಾನ್. ಬಾಸ್ಕ್ ಭಾಷೆಯಲ್ಲಿ ಅದರ ಹೆಸರು ಅರ್ರಾಸಾತೆ. ಬಿಲ್ಬಾವೋ ನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಗುಡ್ಡಗಳ ನಡುವಿನ ದೇಬಾ ಕಣಿವೆಯಲ್ಲಿರುವ ಈ ಊರಿನ ಜನಸಂಖ್ಯೆ ಸುಮಾರು 22 ಸಾವಿರ. ಸುಮಾರು 80 ಸಹಕಾರ ಸಂಸ್ಥೆಗಳು ಹಾಗೂ 70 ಸಾವಿರ ಉದ್ಯೋಗಿಗಳನ್ನು ಒಳಗೊಂಡ ಉದ್ಯಮ ಸಮೂಹವೊಂದು ಇಲ್ಲಿಂದಲೇ ಬೆಳೆದು ನಿಂತಿದೆ. ಊರಿನ ಉದ್ಯಮವೂ ಊರಿನ ಬದುಕೂ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಒಂದೇ ದಿನದಲ್ಲಿ ಕಣ್ಣಾರೆ ಕಾಣಬಹುದಾದ ಸ್ಥಳಗಳು ಜಗತ್ತಿನಲ್ಲಿ ವಿರಳ.

ಬೆಳಗಿನ ಪಾಠ: ಶಾಲೆ ಮೊದಲು, ಕಾರ್ಖಾನೆ ನಂತರ

ಸಂದರ್ಶಕ ವಿದ್ಯಾರ್ಥಿಗಳ ದಿನವು ಸಾಮಾನ್ಯವಾಗಿ ನೆರೆಯ ಅರೆಚಬಲೆಟಾದಲ್ಲಿರುವ ಓಟಲೋರಾ ತರಬೇತಿ ಕೇಂದ್ರದಲ್ಲಿ ಆರಂಭವಾಗುತ್ತದೆ. ಹಳೆಯ ಕಾಲದ ಕಲ್ಲಿನ ಗೋಪುರಮನೆಯೊಂದನ್ನು ನವೀಕರಿಸಿ ರೂಪಿಸಿದ ಈ ಕೇಂದ್ರದಲ್ಲಿ ಸಹಕಾರ ಸಂಸ್ಥೆಗಳ ನಿರ್ದೇಶಕರಿಗೂ ಸದಸ್ಯರಿಗೂ ತರಬೇತಿ ನೀಡಲಾಗುತ್ತದೆ. ಇಲ್ಲಿ ಹೇಳುವ ಕಥೆ ಆರಂಭವಾಗುವುದು ಬಂಡವಾಳದಿಂದಲ್ಲ, ಶಾಲೆಯಿಂದ ಎಂಬುದು ಗಮನಾರ್ಹ.

1941ರಲ್ಲಿ ಹೊಸೆ ಮರಿಯಾ ಅರಿಸ್ಮೆಂಡಿಯರಿಯೆಟಾ ಎಂಬ ಯುವ ಪಾದ್ರಿ ಮೊಂಡ್ರಾಗಾನ್‌ಗೆ ಬಂದರು. ಅಂತರ್ಯುದ್ಧದಿಂದ ಜರ್ಜರಿತವಾಗಿದ್ದ ಊರಿನಲ್ಲಿ ಆಗ ಇದ್ದ ದೊಡ್ಡ ಉದ್ದಿಮೆಯೆಂದರೆ ಬೀಗ ಹಾಗೂ ಲೋಹದ ಸರಕು ತಯಾರಿಸುವ ಒಂದು ಕಾರ್ಖಾನೆ. ಅದರ ತರಬೇತಿ ಶಾಲೆಯಲ್ಲಿ ಊರಿನ ಎಲ್ಲ ಮಕ್ಕಳಿಗೂ ಪ್ರವೇಶ ನೀಡಬೇಕೆಂಬ ಪಾದ್ರಿಯವರ ಕೋರಿಕೆಯನ್ನು ಕಂಪನಿಯು ಒಪ್ಪಲಿಲ್ಲ. ಅವರು ನೇರವಾಗಿ ಊರವರ ಮೊರೆಹೊಕ್ಕರು. ಬೀದಿಯ ಮೂಲೆಗಳಲ್ಲಿ ಪೆಟ್ಟಿಗೆಗಳನ್ನು ಇರಿಸಿ, ಯಾರು ಯಾವ ರೀತಿ ನೆರವಾಗಬಲ್ಲರೆಂದು ಬರೆದು ಹಾಕುವಂತೆ ಕೇಳಿಕೊಳ್ಳಲಾಯಿತು. ಸುಮಾರು 600 ಮಂದಿ ಸ್ಪಂದಿಸಿದರು. ಹೀಗೆ 1943ರಲ್ಲಿ 20 ವಿದ್ಯಾರ್ಥಿಗಳೊಂದಿಗೆ ತಾಂತ್ರಿಕ ಶಾಲೆ ತೆರೆಯಿತು.

ಅಲ್ಲಿ ಕಲಿತ ಕೆಲವರು ದುಡಿಯುತ್ತಲೇ ಓದಿ, ಸರಗೋಸಾದಲ್ಲಿ ಪರೀಕ್ಷೆ ಬರೆದು ತಾಂತ್ರಿಕ ಪದವಿ ಪಡೆದರು. ಅವರಲ್ಲಿ ಐವರು ಊರಿನ ಪರಿಚಿತರಿಂದ ವಿಶ್ವಾಸದ ಮೇಲೆ ಹಣ ಕೂಡಿಸಿ 1956ರಲ್ಲಿ ಆರಂಭಿಸಿದ ಸಂಸ್ಥೆಯೇ ಉಲ್ಗೋರ್. ಸಂಸ್ಥಾಪಕರ ಹೆಸರುಗಳ ಅಕ್ಷರಗಳನ್ನು ಜೋಡಿಸಿ ಈ ಹೆಸರು ಇಡಲಾಗಿತ್ತು. ಸೀಮೆಎಣ್ಣೆ ಒಲೆಯಂತಹ ಸರಳ ಸಾಮಗ್ರಿಗಳಿಂದ ಆರಂಭವಾದ ಈ ಉದ್ದಿಮೆ ಮುಂದೆ ಫಾಗೋರ್ ಎಂಬ ಹೆಸರಿನಲ್ಲಿ ಗೃಹೋಪಯೋಗಿ ಉಪಕರಣಗಳ ತಯಾರಿಕೆಯಲ್ಲಿ ಸ್ಪೇನಿನಾದ್ಯಂತ ಹೆಸರು ಮಾಡಿತು.

ಕಾರ್ಖಾನೆಯಲ್ಲಿ: ಒಬ್ಬರಿಗೆ ಒಂದು ಮತ

ಮುಂದಿನ ಭೇಟಿ ಕಾರ್ಖಾನೆಗೆ. ಯಂತ್ರಗಳ ಸಾಲು, ಸಮವಸ್ತ್ರ, ಪಾಳಿಯ ವ್ಯವಸ್ಥೆ ಎಲ್ಲವೂ ಬೇರೆಡೆ ಇರುವಂತೆಯೇ ಇವೆ. ವ್ಯತ್ಯಾಸವಿರುವುದು ಒಡೆತನದಲ್ಲಿ. ಸದಸ್ಯರಾಗಿ ಸೇರುವವರು ಸುಮಾರು 15 ಸಾವಿರ ಯೂರೋ ಬಂಡವಾಳವನ್ನು ಹೂಡಬೇಕು. ಒಮ್ಮೆಗೇ ಕೊಡಲಾಗದವರು ವೇತನದಿಂದ ಕಂತಿನಲ್ಲಿ ಕಟ್ಟಬಹುದು. ಮಹಾಸಭೆಯಲ್ಲಿ ಬಂಡವಾಳ ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಸದಸ್ಯರು ಆಡಳಿತ ಮಂಡಳಿಯನ್ನು ಚುನಾಯಿಸುತ್ತಾರೆ. ಮಂಡಳಿಯು ವ್ಯವಸ್ಥಾಪಕರನ್ನು ನೇಮಿಸುತ್ತದೆ. ಆರಂಭದಲ್ಲಿ ಅತ್ಯಂತ ಕಡಿಮೆ ಮತ್ತು ಅತ್ಯಂತ ಹೆಚ್ಚು ವೇತನದ ಅಂತರ ಒಂದಕ್ಕೆ ಮೂರು ಇತ್ತು. ನುರಿತ ವ್ಯವಸ್ಥಾಪಕರನ್ನು ಉಳಿಸಿಕೊಳ್ಳುವ ಅಗತ್ಯದಿಂದ ಅದು ಕಾಲಕ್ರಮೇಣ ಸುಮಾರು ಆರು ಪಟ್ಟಿನವರೆಗೆ ಏರಿದೆ.

ಲಾಭದ ಹಂಚಿಕೆಯೂ ವಾಣಿಜ್ಯ ವಿದ್ಯಾರ್ಥಿಯ ಗಮನ ಸೆಳೆಯುವ ವಿಷಯ. ಲಾಭದ ಕನಿಷ್ಠ ಶೇ. 10ರಷ್ಟು ಶಿಕ್ಷಣ ಹಾಗೂ ಸಮುದಾಯದ ಕಾರ್ಯಗಳಿಗೆ ಮೀಸಲು. ಒಂದು ಪಾಲು ಮೀಸಲು ನಿಧಿಗೆ ಹೋಗುತ್ತದೆ. ಉಳಿದದ್ದು ಸದಸ್ಯರ ಬಂಡವಾಳ ಖಾತೆಗೆ ಜಮೆಯಾಗುತ್ತದೆಯೇ ಹೊರತು ತಕ್ಷಣ ನಗದಾಗಿ ಕೈಸೇರುವುದಿಲ್ಲ. ಇದರಿಂದ ಸಂಸ್ಥೆಗೆ ದುಡಿಯುವ ಬಂಡವಾಳವು ಒಳಗಿನಿಂದಲೇ ಒದಗುತ್ತದೆ.

ಮಧ್ಯಾಹ್ನ: ಬ್ಯಾಂಕು, ಅಂಗಡಿ, ಅಡುಗೆಮನೆ

ಮಧ್ಯಾಹ್ನದ ವೇಳೆ ಊರಿನಲ್ಲಿ ಸುತ್ತಾಡಿದರೆ ಪೂರಕ ಸಂಸ್ಥೆಗಳ ಪರಿಚಯವಾಗುತ್ತದೆ. 1959ರಲ್ಲಿ ಸ್ಥಾಪಿತವಾದ ಕಾಹಾ ಲಾಬೊರಾಲ್ ಎಂಬ ಸಹಕಾರ ಬ್ಯಾಂಕು ಕಣಿವೆಯ ಜನರ ಸಣ್ಣ ಉಳಿತಾಯವನ್ನು ಒಗ್ಗೂಡಿಸಿ ಹೊಸ ಉದ್ದಿಮೆಗಳಿಗೆ ಹರಿಸಿತು. ಊರಿನ ಹಣ ಊರಿನಲ್ಲಿ ತೊಡಗದಿದ್ದರೆ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಕೆಲಸಕ್ಕೆ ಪರಊರಿಗೆ ಹೋಗಬೇಕಾದೀತು ಎಂಬುದು ಅಂದಿನ ಪ್ರಚಾರದ ಸಾರವಾಗಿತ್ತು. ಸಹಕಾರಿ ಸದಸ್ಯರನ್ನು ಸರ್ಕಾರವು ಸ್ವಯಂ ಉದ್ಯೋಗಿಗಳೆಂದು ಪರಿಗಣಿಸಿ ಸಾಮಾಜಿಕ ಭದ್ರತೆಯಿಂದ ಹೊರಗಿಟ್ಟಾಗ, ಪಿಂಚಣಿ ಮತ್ತು ವೈದ್ಯಕೀಯ ನೆರವಿಗಾಗಿ ಲಾಗುನ್ ಆರೋ ಎಂಬ ಸ್ವಂತ ವ್ಯವಸ್ಥೆಯನ್ನೇ ರೂಪಿಸಿಕೊಳ್ಳಲಾಯಿತು. 1969ರಲ್ಲಿ ಸಣ್ಣ ಬಳಕೆದಾರರ ಸಂಘಗಳು ಒಂದುಗೂಡಿ ಎರೋಸ್ಕಿ ಅಂಗಡಿಗಳ ಸರಣಿ ಹುಟ್ಟಿತು. ಇಲ್ಲಿ ಗ್ರಾಹಕರೂ ನೌಕರರೂ ಸದಸ್ಯರು. ಅದೇ ವರ್ಷ ವಿವಾಹಿತ ಮಹಿಳೆಯರು ಅರೆಕಾಲಿಕವಾಗಿ ದುಡಿಯಲು ಅನುಕೂಲವಾಗುವಂತೆ ಅಡುಗೆ ಮತ್ತು ಶುಚಿತ್ವ ಸೇವೆಯ ಆಸೊಲಾಗುನ್ ಸಂಸ್ಥೆ ಆರಂಭವಾಯಿತು.

1966ರಲ್ಲಿ ಸ್ಥಾಪನೆಯಾದ ಅಲೆಕೋಪ್ ಸಂಸ್ಥೆಯು ವಿದ್ಯಾರ್ಥಿಗಳ ಪಾಲಿಗೆ ಅತ್ಯಂತ ಆಸಕ್ತಿದಾಯಕ. ದಿನದ ಅರ್ಧ ಭಾಗ ತರಗತಿಯಲ್ಲಿ ಓದಿ, ಉಳಿದರ್ಧ ಭಾಗ ಕಾರ್ಖಾನೆಯಲ್ಲಿ ದುಡಿದು ವಿದ್ಯಾಭ್ಯಾಸದ ವೆಚ್ಚವನ್ನು ತಾವೇ ಭರಿಸುವ ಅವಕಾಶವನ್ನು ಇದು ಬಡ ವಿದ್ಯಾರ್ಥಿಗಳಿಗೆ ಕಲ್ಪಿಸಿತು. ಆಡಳಿತದಲ್ಲಿಯೂ ಅವರಿಗೆ ಪಾಲಿತ್ತು. 1943ರ ಶಾಲೆಯ ಪರಂಪರೆಯಲ್ಲಿಯೇ 1997ರಲ್ಲಿ ಮೊಂಡ್ರಾಗಾನ್ ವಿಶ್ವವಿದ್ಯಾನಿಲಯವು ಅಸ್ತಿತ್ವಕ್ಕೆ ಬಂದಿತು.

ಸಂಜೆ: ಸಾಮಾನ್ಯ ಹುಂಡಿ

ಸಂಜೆಯಾಗುತ್ತಲೇ ಹಳೆಯ ಪೇಟೆಯ ಬೀದಿಗಳಲ್ಲಿ ಗೆಳೆಯರ ಗುಂಪುಗಳು ಸೇರುತ್ತವೆ. ಪ್ರತಿಯೊಬ್ಬರೂ ಒಂದಿಷ್ಟು ಹಣವನ್ನು ಸಾಮಾನ್ಯ ಹುಂಡಿಗೆ ಹಾಕಿ, ಒಂದು ಅಂಗಡಿಯಿಂದ ಮತ್ತೊಂದಕ್ಕೆ ಸಾಗುತ್ತ, ಎಲ್ಲರ ಖರ್ಚನ್ನೂ ಅದರಿಂದಲೇ ಕೊಡುವುದು ಇಲ್ಲಿನ ರೂಢಿ. ಹೊಲ, ದಾರಿ, ಸೇತುವೆಗಳ ಕೆಲಸವನ್ನು ನೆರೆಹೊರೆಯವರು ಕೂಡಿ ಮಾಡುವ ಪದ್ಧತಿಗೆ ಬಾಸ್ಕ್ ಭಾಷೆಯಲ್ಲಿ ಆಉಸೊಲಾನ್ ಎನ್ನುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಸಹಕಾರ ಉದ್ಯಮವು ಇಲ್ಲಿ ಬೇರೂರಲು ಇಂತಹ ನೆಲ ಮೊದಲೇ ಹದಗೊಂಡಿತ್ತು ಎಂಬುದನ್ನು ಸಂಜೆಯ ಬೀದಿಯೇ ತಿಳಿಸುತ್ತದೆ.

ಮರೆಯಬಾರದ ಪಾಠ

ಮೊಂಡ್ರಾಗಾನ್‌ನ ಯಶಸ್ಸನ್ನು ಮಾತ್ರ ನೋಡಿ ಮರಳಿದರೆ ಪಾಠ ಅಪೂರ್ಣ. ಸಮೂಹದ ಮೂಲವೃಕ್ಷವಾಗಿದ್ದ ಫಾಗೋರ್ ಗೃಹೋಪಕರಣ ಸಂಸ್ಥೆಯು 2005ರಲ್ಲಿ ಫ್ರಾನ್ಸಿನ ಬ್ರಾಂಟ್ ಕಂಪನಿಯನ್ನು ಖರೀದಿಸಿ ಸಾಲದ ಹೊರೆ ಹೊತ್ತಿತು. 2008ರ ನಂತರ ಸ್ಪೇನಿನ ಗೃಹನಿರ್ಮಾಣ ಕ್ಷೇತ್ರ ಕುಸಿದಾಗ ಬೇಡಿಕೆಯೂ ಕುಸಿಯಿತು. ಸೋದರ ಸಂಸ್ಥೆಗಳು ಹಲವು ಬಾರಿ ನೆರವು ನೀಡಿದರೂ 2013ರಲ್ಲಿ ಇನ್ನು ಹಣ ಹಾಕಲಾಗದೆಂದು ತೀರ್ಮಾನಿಸಿದವು. ವಿವಿಧ ದೇಶಗಳಲ್ಲಿ ಸುಮಾರು 5,600 ಉದ್ಯೋಗಿಗಳಿದ್ದ ಸಂಸ್ಥೆ ದಿವಾಳಿಯಾಯಿತು. ಬಾಸ್ಕ್ ಪ್ರಾಂತದ ಸದಸ್ಯರಲ್ಲಿ ಬಹುಮಂದಿಗೆ ಇತರ ಸಹಕಾರ ಸಂಸ್ಥೆಗಳಲ್ಲಿ ಕೆಲಸ ಅಥವಾ ಅವಧಿಪೂರ್ವ ನಿವೃತ್ತಿಯ ನೆರವು ದೊರೆಯಿತು. ಆದರೆ ಅವರು ಹೂಡಿದ್ದ ಬಂಡವಾಳ ಕರಗಿಹೋಯಿತು. ವಿದೇಶಿ ಘಟಕಗಳ ನೌಕರರು ಸದಸ್ಯರೇ ಆಗಿರದ ಕಾರಣ ಅವರಿಗೆ ಈ ಆಸರೆ ಇರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಲಿಫ್ಟ್ ತಯಾರಿಸುವ ಒರೋನಾ ಹಾಗೂ ಉಲ್ಮಾ ಸಂಸ್ಥೆಗಳ ಸದಸ್ಯರು ಸಮೂಹದಿಂದ ಹೊರಬರಲು ಬಹುಮತದಿಂದ ನಿರ್ಧರಿಸಿದರು. ಪರಸ್ಪರ ನೆರವಿಗೆ ಮಿತಿ ಎಲ್ಲಿ, ಒಡೆತನದ ಹಕ್ಕು ಯಾರಿಗೆ ಎಂಬ ಪ್ರಶ್ನೆಗಳು ಅಲ್ಲಿ ಇಂದಿಗೂ ಜೀವಂತವಾಗಿವೆ.

ನಮ್ಮ ನೆಲದಲ್ಲಿ

ಸಹಕಾರವು ಕನ್ನಡ ನಾಡಿಗೆ ಹೊಸತಲ್ಲ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘ ಸ್ಥಾಪನೆಯಾಗಿತ್ತು. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, ಕೆಲಸಗಾರರೇ ಒಡೆಯರಾದ ಮೊದಲ ಕಾಫಿ ಕಾರ್ಮಿಕರ ಸಹಕಾರ ಸಂಘವು ಬೆಂಗಳೂರಿನಲ್ಲಿ ಜನ್ಮತಾಳಿದ್ದು 1957ರಲ್ಲಿ, ಉಲ್ಗೋರ್ ಆರಂಭವಾದ ಮರುವರ್ಷವೇ.

ನಮ್ಮಲ್ಲಿ ಕೈಗಾರಿಕಾ ಭೇಟಿಯೆಂದರೆ ಒಂದು ಗಂಟೆಯ ಯಂತ್ರದರ್ಶನ, ಒಂದು ಲೋಟ ಚಹಾ ಮತ್ತು ಒಂದು ಸಮೂಹ ಛಾಯಾಚಿತ್ರಕ್ಕೆ ಸೀಮಿತವಾಗಿರುವುದೇ ಹೆಚ್ಚು. ಉದ್ದಿಮೆದಾರರು ವರ್ಷಕ್ಕೊಮ್ಮೆಯಾದರೂ ಇಡೀ ಒಂದು ದಿನವನ್ನು ವಿದ್ಯಾರ್ಥಿಗಳಿಗೆ ಮೀಸಲಿಟ್ಟು, ಯಂತ್ರದೊಂದಿಗೆ ಲೆಕ್ಕಪತ್ರವನ್ನೂ, ಕೆಲಸಗಾರರ ಊಟದ ಮನೆಯನ್ನೂ, ಸರಕು ಪೂರೈಸುವ ಸಣ್ಣ ಘಟಕಗಳನ್ನೂ, ತಾವು ಅನುಭವಿಸಿದ ನಷ್ಟದ ವರ್ಷಗಳನ್ನೂ ತೋರಿಸಿದರೆ, ಪರದೇಶಕ್ಕೆ ಹೋಗಲಾಗದ ಮಕ್ಕಳಿಗೂ ಈ ಪಾಠ ದೊರೆಯುತ್ತದೆ. ಇದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ. ಬಾಗಿಲು ತೆರೆಯುವ ಮನಸ್ಸು.