ನಿಮಗಿದು ಗೊತ್ತೇ? ಮೇಯರ್, ಕಾರ್ಪೊರೇಟರ್ ಮತ್ತು ಬೆಂಗಳೂರಿಗರ ಆ ಒಂದು ಓಟು

● 2015ರ ಆಗಸ್ಟ್ 22. ಅಂದು ಬೆಂಗಳೂರಿನ 198 ವಾರ್ಡ್‌ಗಳಿಗೆ ಚುನಾವಣೆ ನಡೆಯಿತು. ಅದರ ಮಾರನೆಯ ದಿನ 18 ತುಂಬಿದ ಹುಡುಗಿಗೆ 2025ರ ಆಗಸ್ಟ್‌ನಲ್ಲಿ 28 ವರ್ಷ. ಈ ನಡುವೆ ಆಕೆ ಎರಡು ಸಲ ಲೋಕಸಭೆಗೆ, ಎರಡು ಸಲ ವಿಧಾನಸಭೆಗೆ ಓಟು ಹಾಕಿರಬಹುದು. ತನ್ನ ಬೀದಿಯ ಕಸ, ದೀಪ, ಚರಂಡಿ ನೋಡಿಕೊಳ್ಳುವ ಪಾಲಿಕೆಗೆ ಒಂದು ಸಲವೂ ಹಾಕಿರಲಿಲ್ಲ, ಏಕೆಂದರೆ ಆ ಹತ್ತು ವರ್ಷ ಪಾಲಿಕೆ ಚುನಾವಣೆಯೇ ನಡೆಯಲಿಲ್ಲ.

● ಬೆಂಗಳೂರಿನ ಮೇಯರ್‌ಗೆ ನಾವು ನೇರವಾಗಿ ಓಟು ಹಾಕುವುದಿಲ್ಲ. ನಾವು ಆರಿಸುವುದು ವಾರ್ಡಿನ ಕಾರ್ಪೊರೇಟರನ್ನು. ಮೇಯರ್ ಮತ್ತು ಉಪಮೇಯರ್ ಯಾರೆಂಬುದು ಕೌನ್ಸಿಲ್ ಸಭಾಂಗಣದ ಒಳಗೆ ತೀರ್ಮಾನವಾಗುತ್ತದೆ. ಇಡೀ ನಗರಕ್ಕೆ ಒಂದೇ ಆಗಿದ್ದ ಹಿಂದಿನ ಪಾಲಿಕೆ ಬಿಬಿಎಂಪಿಯಲ್ಲಿ ಆ ಸಭೆ ನಡೆಸುತ್ತಿದ್ದವರು ಪ್ರಾದೇಶಿಕ ಆಯುಕ್ತರು. ಅಲ್ಲಿ ಗುಪ್ತ ಮತದಾನ ಇರಲಿಲ್ಲ, ಸದಸ್ಯರು ಎಲ್ಲರೆದುರು ಕೈ ಎತ್ತಬೇಕಿತ್ತು.

● ಕೈ ಎತ್ತುವವರು ಕಾರ್ಪೊರೇಟರುಗಳು ಮಾತ್ರವಲ್ಲ ಎಂಬುದು ಬಹಳ ಜನಕ್ಕೆ ತಿಳಿದದ್ದೇ 2015ರಲ್ಲಿ. ಆ ವರ್ಷ 198ರಲ್ಲಿ 100 ವಾರ್ಡ್ ಗೆದ್ದದ್ದು ಬಿಜೆಪಿ. ಕಾಂಗ್ರೆಸ್‌ಗೆ 76, ಜೆಡಿಎಸ್‌ಗೆ 14, ಉಳಿದವು ಪಕ್ಷೇತರರು ಮತ್ತು ಇತರರಿಗೆ. ಅರ್ಧಕ್ಕಿಂತ ಒಂದು ವಾರ್ಡ್ ಹೆಚ್ಚೇ ಗೆದ್ದ ಪಕ್ಷಕ್ಕೆ ಮೇಯರ್ ಸ್ಥಾನ ಖಚಿತ ಎಂದೇ ಎಲ್ಲರೂ ತಿಳಿದಿದ್ದರು. ಆದರೆ ನಗರದ ಶಾಸಕರು, ಸಂಸದರು, ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ ಮತ್ತು ರಾಜ್ಯಸಭಾ ಸದಸ್ಯರಿಗೂ ಮೇಯರ್ ಆಯ್ಕೆಯಲ್ಲಿ ಮತ ಇತ್ತು. ಎಲ್ಲರೂ ಸೇರಿ ಮತದಾರರ ಸಂಖ್ಯೆ 260ರಷ್ಟಾಯಿತು, ಬಹುಮತದ ಗೆರೆ ಮೇಲಕ್ಕೆ ಸರಿಯಿತು. ಕಾಂಗ್ರೆಸ್ ಮತ್ತು ಜೆಡಿಎಸ್ ಪಕ್ಷೇತರರನ್ನು ಜೊತೆಗೂಡಿಸಿಕೊಂಡವು. ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ ಮೇಯರ್ ಆದರು. ನಡೆದದ್ದೆಲ್ಲ ಕಾನೂನಿನ ಪ್ರಕಾರವೇ. ಆದರೂ ವಾರ್ಡಿನ ಮತದಾರ ಒಂದು ಸಲ ಕೊಟ್ಟ ತೀರ್ಪು, ಬೇರೆ ಸದನಕ್ಕೆ ಆಯ್ಕೆಯಾದವರ ಕೈಯಿಂದ ಬದಲಾಗುವುದು ಸರಿಯೇ ಎಂಬ ಪ್ರಶ್ನೆ ಅಂದು ಎದ್ದದ್ದು ನ್ಯಾಯವಾಗಿಯೇ ಇತ್ತು. ಯಾವ ಪಕ್ಷಕ್ಕೆ ಲಾಭವಾದರೂ ಅದೇ ಪ್ರಶ್ನೆ ಕೇಳಬೇಕು.

● 2015ರ ಆ ವಾರ್ಡ್ ಚುನಾವಣೆಯಲ್ಲಿ ಮತ ಹಾಕಿದವರು ಸುಮಾರು ನೂರಕ್ಕೆ 49 ಮಂದಿ. 2010ರಲ್ಲಿ ಇನ್ನೂ ಕಡಿಮೆ, 44ರ ಆಸುಪಾಸು.

● ಉತ್ತರ ಪ್ರದೇಶದ ನಗರಗಳಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ನಮ್ಮ ನೆರೆಯ ಚೆನ್ನೈ ಕೂಡ 1996ರಲ್ಲಿ ಹಾಗೆಯೇ ಆರಿಸಿತ್ತು. ಆಗ ಗೆದ್ದವರು ಎಂ.ಕೆ. ಸ್ಟಾಲಿನ್. 2001ರಲ್ಲೂ ಅವರೇ ಗೆದ್ದರು. ಮರುವರ್ಷ, ಒಬ್ಬರೇ ಶಾಸಕರೂ ಮೇಯರೂ ಆಗಿರುವಂತಿಲ್ಲ ಎಂಬ ಕಾನೂನು ಬಂದಾಗ ಮೇಯರ್ ಸ್ಥಾನ ಬಿಟ್ಟರು. ಈಗ ಚೆನ್ನೈನಲ್ಲೂ ಮೇಯರ್ ಆಯ್ಕೆ ಸದಸ್ಯರ ಮೂಲಕವೇ. 2022ರಲ್ಲಿ ಆ ಸ್ಥಾನಕ್ಕೆ ಬಂದ ಆರ್. ಪ್ರಿಯಾ ಅವರಿಗೆ ಆಗ 28 ವರ್ಷ. ಆ ಪಾಲಿಕೆಯ ಮೊದಲ ದಲಿತ ಮಹಿಳಾ ಮೇಯರ್ ಅವರು.

● ಇಡೀ ಭಾರತದಲ್ಲಿ ಅತ್ಯಂತ ಹಳೆಯ ನಗರ ಪಾಲಿಕೆ ಚೆನ್ನೈನದೇ. 1688ರ ಸೆಪ್ಟೆಂಬರ್ 29ರಂದು ಶುರುವಾಯಿತು.

● ಬೆಂಗಳೂರಿನಲ್ಲಿ 2010ರಿಂದ 2020ರವರೆಗಿನ ಎರಡು ಅವಧಿಯಲ್ಲಿ ಹತ್ತು ಮೇಯರ್‌ಗಳು! ಎಸ್.ಕೆ. ನಟರಾಜ್, ಶಾರದಮ್ಮ, ಡಿ. ವೆಂಕಟೇಶಮೂರ್ತಿ, ಬಿ.ಎಸ್. ಸತ್ಯನಾರಾಯಣ, ಎನ್. ಶಾಂತಕುಮಾರಿ, ಆಮೇಲೆ ಮಂಜುನಾಥ ರೆಡ್ಡಿ, ಜಿ. ಪದ್ಮಾವತಿ, ಆರ್. ಸಂಪತ್ ರಾಜ್, ಗಂಗಾಂಬಿಕೆ ಮಲ್ಲಿಕಾರ್ಜುನ್, ಎಂ. ಗೌತಮ್ ಕುಮಾರ್. ಹತ್ತರಲ್ಲಿ ನಾಲ್ವರು ಮಹಿಳೆಯರು. ಕಾನೂನಿನಲ್ಲಿ ಮೇಯರ್ ಅವಧಿ ಒಂದೇ ವರ್ಷ ಇದ್ದದ್ದೇ ಇಷ್ಟು ಹೆಸರುಗಳಿಗೆ ಕಾರಣ. ಮೊದಲ ಮೂರು ತಿಂಗಳು ಸನ್ಮಾನ, ಹಾರ ತುರಾಯಿಗೆ ಹೋಗುತ್ತದೆ. ಬಜೆಟ್ ಓದಿ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಮುಂದಿನ ವರ್ಷದ ಮೀಸಲಾತಿ ಪಟ್ಟಿ ಬಂದಿರುತ್ತದೆ. ಕೋಟಿ ಜನರ ಊರಿಗೆ ಇದು ಸಾಲದು, ಖಂಡಿತ ಸಾಲದು.

● ಹಾಗೆಂದೇ 2020ರ ಬಿಬಿಎಂಪಿ ಕಾಯ್ದೆ ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಆದರೆ ಆ ಕಾಯ್ದೆಯ ಕೆಳಗೆ ಒಬ್ಬ ಮೇಯರೂ ಆಯ್ಕೆಯಾಗಲಿಲ್ಲ! ವಾರ್ಡ್‌ಗಳ ಲೆಕ್ಕವೂ ಹೀಗೆಯೇ. 198 ಇದ್ದದ್ದು 2022ರಲ್ಲಿ 243 ಆಯಿತು. ಗಡಿ ಗುರುತಿಸಿದರು, ಹೆಸರಿಟ್ಟರು. 2023ರಲ್ಲಿ ಅದನ್ನು ಬಿಟ್ಟು 225 ಮಾಡಿದರು. ಮತ್ತೆ ಗಡಿ, ಮತ್ತೆ ಹೆಸರು, ಮತ್ತೆ ಆಕ್ಷೇಪಣೆ. ಆ 243 ವಾರ್ಡ್‌ಗಳಲ್ಲೂ ಓಟು ಬೀಳಲಿಲ್ಲ, ಈ 225ರಲ್ಲೂ ಬೀಳಲಿಲ್ಲ. ಕೊನೆಗೆ 2025ರ ಮೇ 15ರಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, ಐದು ಪಾಲಿಕೆಗಳಾಗಿ, ವಾರ್ಡ್‌ಗಳ ಒಟ್ಟು ಸಂಖ್ಯೆ 369ಕ್ಕೆ ಮುಟ್ಟಿತು. ಹೊಸ ಕಾಯ್ದೆಯಲ್ಲೂ ಮೇಯರ್‌ಗೆ 30 ತಿಂಗಳು.

● ಆ ಐದು ಪಾಲಿಕೆಗಳು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಅಂದರೆ ಇನ್ನು ಬೆಂಗಳೂರಿಗೆ ಒಬ್ಬರಲ್ಲ, ಐವರು ಮೇಯರ್. ಇವೆಲ್ಲವುಗಳ ಮೇಲಿರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು.

● ಊರೊಂದು, ಪೌರಾಡಳಿತ ಹಲವು ಎಂಬುದು ಬೆಂಗಳೂರಿಗೆ ಹೊಸತಲ್ಲ. 1862ರಲ್ಲಿ ಪೇಟೆಗೊಂದು, ದಂಡು ಪ್ರದೇಶಕ್ಕೊಂದು ಪೌರ ಮಂಡಳಿ ಹುಟ್ಟಿಕೊಂಡವು. ಪೇಟೆ ಮುಂದೆ ಮೈಸೂರು ಮಹಾರಾಜರ ಆಡಳಿತಕ್ಕೆ ಮರಳಿತು, ಕಂಟೋನ್ಮೆಂಟ್ ಬ್ರಿಟಿಷರ ಕೈಯಲ್ಲೇ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಎರಡೂ ಸೇರಿ ಬೆಂಗಳೂರು ನಗರ ಪಾಲಿಕೆ ಆಯಿತು. 87 ವರ್ಷ ಬೇರೆಯಿದ್ದ ಎರಡು ಊರು ಒಂದೇ ಸಭಾಂಗಣದಲ್ಲಿ ಕೂತವು. ಇಂದಿಗೂ ಹಳಬರು 'ಸಿಟಿ ಕಡೆ', 'ದಂಡಿನ ಕಡೆ' ಎನ್ನುವುದು ಆ ಕಾಲದ ಗುರುತು.

● ದೆಹಲಿ ತನ್ನ ಪಾಲಿಕೆಯನ್ನು 2012ರಲ್ಲಿ ಮೂರು ಮಾಡಿತು. ಹತ್ತು ವರ್ಷ ನೋಡಿ 2022ರಲ್ಲಿ ಮತ್ತೆ ಒಂದು ಮಾಡಿತು. ಮೂರರಲ್ಲಿ ಕೆಲವಕ್ಕೆ ವರಮಾನ ಸಾಲದೆ ನೌಕರರ ಸಂಬಳಕ್ಕೇ ತತ್ವಾರವಾಗಿತ್ತು. ಬೆಂಗಳೂರಿನ ಐದರಲ್ಲಿ ಯಾವುದಕ್ಕೆ ಐಟಿ ಕಂಪನಿಗಳ ತೆರಿಗೆ ಬರುತ್ತದೆ, ಯಾವುದಕ್ಕೆ ಹಳೆಯ ಚರಂಡಿಗಳ ಹೊರೆ ಬೀಳುತ್ತದೆ ಎಂದು ನಾವು ಈಗಲೇ ಕಣ್ಣಿಟ್ಟು ನೋಡಬೇಕು.

● ಪಾಲಿಕೆಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಇದು ಸಂವಿಧಾನದ 243ಯು ವಿಧಿಯಲ್ಲೇ ಇದೆ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಇದನ್ನೇ ಒತ್ತಿ ಹೇಳಿತು. ಅದೇ 2006ರ ನವೆಂಬರಿನಲ್ಲಿ ಬೆಂಗಳೂರಿನ ಕೌನ್ಸಿಲ್ ಅವಧಿ ಮುಗಿಯಿತು, ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು. 2020ರ ಸೆಪ್ಟೆಂಬರ್ 10ರಂದು ಮತ್ತೊಂದು ಅವಧಿ ಮುಗಿಯಿತು. ಅಲ್ಲಿಂದ ಪೂರ್ತಿ ಐದು ವರ್ಷ, ಅಂದರೆ ಒಂದು ಇಡೀ ಕೌನ್ಸಿಲಿನ ಆಯಸ್ಸು, ಆಡಳಿತಾಧಿಕಾರಿಗಳ ಕೈಯಲ್ಲೇ ಕಳೆಯಿತು. ವಾರ್ಡ್ ವಿಂಗಡಣೆ, ಮೀಸಲಾತಿ, ಹೊಸ ಕಾಯ್ದೆ, ಕೋರ್ಟು, ತಡೆಯಾಜ್ಞೆ: ಪ್ರತಿಸಲವೂ ಒಂದು ಕಾರಣ ಇತ್ತು. 2010 ಮತ್ತು 2015ರ ಚುನಾವಣೆಗಳೂ ಕೋರ್ಟಿನ ಮೆಟ್ಟಿಲು ಹತ್ತಿಯೇ ನಡೆದವು. ಅಧಿಕಾರದಲ್ಲಿದ್ದ ಪಕ್ಷ ಬದಲಾದರೂ ಈ ಒಂದು ವಿಷಯ ಬದಲಾಗಲಿಲ್ಲ. ನನಗೆ ನಿಜಕ್ಕೂ ನೋವು ಕೊಡುವ ಸಂಗತಿ ಇದು.

● ಕೌನ್ಸಿಲ್ ಇದ್ದಾಗ ಪಾಲಿಕೆ ಬಜೆಟ್ ಓದುತ್ತಿದ್ದವರು ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿಯ ಅಧ್ಯಕ್ಷರು, ಅಂದರೆ ಒಬ್ಬ ಕಾರ್ಪೊರೇಟರ್. ಆಮೇಲೆ ದಿನಗಟ್ಟಲೆ ಚರ್ಚೆ. ನಮ್ಮ ವಾರ್ಡಿಗೆ ಏನೂ ಕೊಟ್ಟಿಲ್ಲ ಎಂದು ಸದಸ್ಯರು ಎದ್ದು ನಿಂತು ಕೂಗುತ್ತಿದ್ದರು. ಆ ಕೂಗಿನಲ್ಲಿ ನಮ್ಮ ಬೀದಿಯ ಹೆಸರು ಕೇಳಿಸುತ್ತಿತ್ತು. 2025–26ರ ಬಿಬಿಎಂಪಿ ಬಜೆಟ್ 20 ಸಾವಿರ ಕೋಟಿ ರೂಪಾಯಿಗೆ ಹತ್ತಿರದ್ದು. ಅದನ್ನು ಮಂಡಿಸಿದ್ದು ಅಧಿಕಾರಿಗಳು.

● ನಲ್ಲಿಯಲ್ಲಿ ನೀರು ಬರದಿದ್ದರೆ ಕಾರ್ಪೊರೇಟರ್ ಮನೆಗೆ ಹೋಗುವುದು ನಮ್ಮ ರೂಢಿ. ಆದರೆ ಬೆಂಗಳೂರಿನಲ್ಲಿ ಕುಡಿಯುವ ನೀರು, ಒಳಚರಂಡಿ ಎರಡೂ ಪಾಲಿಕೆಯ ಕೈಯಲ್ಲಿಲ್ಲ, 1964ರ ಕಾಯ್ದೆಯಿಂದ ಹುಟ್ಟಿದ ಜಲಮಂಡಳಿಯದು. ಬಡಾವಣೆ ಮಾಡುವುದು 1976ರ ಬಿಡಿಎ. ಬಸ್ಸು ಬಿಎಂಟಿಸಿಯದು, ವಿದ್ಯುತ್ತು ಬೆಸ್ಕಾಂನದು, ಸಂಚಾರ ಪೊಲೀಸರು ಗೃಹ ಇಲಾಖೆಯವರು. ಇವರಾರೂ ಮೇಯರ್‌ಗೆ ಉತ್ತರ ಕೊಡಬೇಕಾಗಿರಲಿಲ್ಲ. ಪಾಲಿಕೆ ಡಾಂಬರು ಹಾಕಿದ ವಾರಕ್ಕೆ ಜಲಮಂಡಳಿ ಅಗೆಯುವುದು, ಅದು ಮುಚ್ಚಿದ ಮೇಲೆ ಕೇಬಲ್‌ನವರು ಅಗೆಯುವುದು ನಾವೆಲ್ಲ ಕಂಡದ್ದೇ. ನಮ್ಮ ಬೀದಿಯಲ್ಲೂ ಒಂದು ಮಳೆಗಾಲದಲ್ಲಿ ಹೀಗೆ ಮೂರು ಸಲ ಅಗೆದರು. ಪಕ್ಕದ ಮನೆಯ ಅಜ್ಜಿ ಜಾರಿ ಬಿದ್ದು ಕೈ ಮುರಿದುಕೊಂಡರು. ಯಾರನ್ನು ಕೇಳಬೇಕು ಎಂದು ತಿಳಿಯಲು ನಮಗೆ ಹದಿನೈದು ದಿನ ಹಿಡಿಯಿತು. ಸಂವಿಧಾನದ 12ನೇ ಅನುಸೂಚಿ ನಗರಗಳ ಆಡಳಿತಕ್ಕೆಂದು 18 ಕೆಲಸಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ನಗರ ಯೋಜನೆಯೂ ಇದೆ, ನೀರು ಪೂರೈಕೆಯೂ ಇದೆ, ಸ್ಮಶಾನ, ಬೀದಿ ದೀಪ, ಜನನ ಮರಣ ನೋಂದಣಿಯೂ ಇದೆ. ಯಾವುದನ್ನು ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ರಾಜ್ಯ ಸರ್ಕಾರ.

● ಟೌನ್‌ಹಾಲ್ ಎಂದು ನಾವು ಕರೆಯುವ ಕಟ್ಟಡದ ಪೂರ್ಣ ಹೆಸರು ಪುಟ್ಟಣ್ಣ ಚೆಟ್ಟಿ ಪುರಭವನ. ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿದ್ದವರು. 1935ರಲ್ಲಿ ತೆರೆದ ಆ ಕಂಬಗಳ ಕಟ್ಟಡದ ಮೆಟ್ಟಿಲ ಮೇಲೆ ಎಷ್ಟು ಧರಣಿ, ಎಷ್ಟು ಘೋಷಣೆ ನಡೆದಿವೆಯೋ!

● ಸರ್ದಾರ್ ಪಟೇಲರು ಅಹಮದಾಬಾದ್ ಪೌರಸಭೆಯ ಅಧ್ಯಕ್ಷರಾಗಿದ್ದರು, ನೆಹರೂ ಅಲಹಾಬಾದಿನಲ್ಲಿ. ಕಲ್ಕತ್ತಕ್ಕೆ 1924ರಲ್ಲಿ ಚಿತ್ತರಂಜನ ದಾಸರು ಮೇಯರ್ ಆದಾಗ ಪಾಲಿಕೆಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಸುಭಾಷ್‌ಚಂದ್ರ ಬೋಸ್. 1930ರಲ್ಲಿ ಬೋಸರೇ ಮೇಯರ್. ದೆಹಲಿ ಪಾಲಿಕೆಯ ಮೊದಲ ಮೇಯರ್, 1958ರಲ್ಲಿ, ಅರುಣಾ ಅಸಫ್ ಅಲಿ. ದೇಶ ಕಟ್ಟಿದವರು ಮೊದಲು ಮೋರಿ, ನಲ್ಲಿ, ಕಂದಾಯದ ಲೆಕ್ಕ ನೋಡಿದವರು.

● ಸಂವಿಧಾನ ಹೇಳುವುದು ಮಹಿಳೆಯರಿಗೆ ಮೂರನೇ ಒಂದು ಭಾಗ. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿದೆ. 2015ರ ಬೆಂಗಳೂರು ಚುನಾವಣೆ ನಡೆದದ್ದು ಆ ಲೆಕ್ಕದಲ್ಲೇ. ವಾರ್ಡಿನ ಮೀಸಲಾತಿ ಬದಲಾದಾಗ ಹಳೆಯ ಕಾರ್ಪೊರೇಟರ್ ತನ್ನ ಹೆಂಡತಿಯನ್ನು ನಿಲ್ಲಿಸಿ, ತಾನೇ ಫೋನ್ ಎತ್ತುವುದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಾಗೆ ಬಂದು, ಎರಡನೇ ವರ್ಷಕ್ಕೆ ಪೌರಕಾರ್ಮಿಕರ ಹಾಜರಿ ಪುಸ್ತಕವನ್ನು ತಾವೇ ತರಿಸಿ ನೋಡುವಂತಾದ ಹೆಣ್ಣುಮಕ್ಕಳನ್ನೂ ನಾನು ಕಂಡಿದ್ದೇನೆ. ಮುಂಜಾನೆ ಆರಕ್ಕೆ ಕಸದ ಆಟೊ ಹಿಂದೆ ನಡೆದವರು ಅವರು.

● ಪಾಲಿಕೆಗೆ ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಸಭೆಯಲ್ಲಿ ಮಾತಾಡಬಹುದು, ಓಟು ಹಾಕುವಂತಿಲ್ಲ. 2022ರ ಡಿಸೆಂಬರಿನಲ್ಲಿ ಚುನಾವಣೆ ಮುಗಿದರೂ ದೆಹಲಿಗೆ ಮೇಯರ್ ಸಿಗದೆ ಮೂರು ಸಭೆಗಳು ಗದ್ದಲದಲ್ಲೇ ಮುರಿದುಬಿದ್ದದ್ದು ಈ ನಿಯಮದ ಜಗಳದಿಂದ. ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ ಮೇಲೆ, 2023ರ ಫೆಬ್ರುವರಿ 22ರಂದು ಶೆಲ್ಲಿ ಒಬೆರಾಯ್ ಆಯ್ಕೆಯಾದರು.

● ಚಂಡೀಗಢದಲ್ಲಿ 2024ರ ಜನವರಿ 30ರ ಮೇಯರ್ ಚುನಾವಣೆಯಲ್ಲಿ ಎಂಟು ಮತಪತ್ರಗಳನ್ನು ಅಸಿಂಧು ಎಂದು ಘೋಷಿಸಲಾಯಿತು. ಚುನಾವಣಾಧಿಕಾರಿಯೇ ಅವುಗಳ ಮೇಲೆ ಗೀಚಿದ್ದು ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಸುಪ್ರೀಂ ಕೋರ್ಟು ಆ ಮತಪತ್ರಗಳನ್ನು ತರಿಸಿ, ತಾನೇ ನೋಡಿ, ಫೆಬ್ರುವರಿ 20ರಂದು ಕುಲದೀಪ್ ಕುಮಾರ್ ಅವರೇ ಮೇಯರ್ ಎಂದು ಘೋಷಿಸಿತು. ಒಂದು ನಗರದ ಎಂಟು ಓಟುಗಳಿಗಾಗಿ ದೇಶದ ಅತಿ ದೊಡ್ಡ ನ್ಯಾಯಾಲಯ ಕೂತದ್ದು ನನಗೆ ಇಂದಿಗೂ ಧೈರ್ಯ ಕೊಡುವ ಸುದ್ದಿ.

● 1962ರಲ್ಲಿ ಹುಟ್ಟಿದ ಹುಬ್ಬಳ್ಳಿ–ಧಾರವಾಡ ಪಾಲಿಕೆಗೆ 82 ವಾರ್ಡ್. ಎರಡು ಊರಿಗೆ ಒಬ್ಬರೇ ಮೇಯರ್. ಕಲಬುರಗಿಯ 55 ವಾರ್ಡ್‌ಗಳಲ್ಲಿ 2021ರಲ್ಲಿ ಕಾಂಗ್ರೆಸ್ ಗೆದ್ದದ್ದು 27, ಬಹುಮತಕ್ಕೆ ಒಂದು ಹೆಜ್ಜೆ ಕಡಿಮೆ. ಅದೇ ವರ್ಷ ಬೆಳಗಾವಿಯಲ್ಲಿ, ದಶಕಗಳ ಕಾಲ ಭಾಷೆಯ ಹೆಸರಲ್ಲಿ ಗುಂಪುಗಳಾಗಿ ನಡೆದಿದ್ದ ಪಾಲಿಕೆ ಚುನಾವಣೆ ಪಕ್ಷಗಳ ಚಿಹ್ನೆಯ ಮೇಲೆ ನಡೆಯಿತು.

● ಬೆರಳಿಗೆ ಹಚ್ಚುವ ಅಳಿಸದ ಶಾಯಿ ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುತ್ತದೆ.

● ಕಾರ್ಪೊರೇಟರ್ ಆಗಲು 21 ವರ್ಷ ತುಂಬಿದ್ದರೆ ಸಾಕು, ಶಾಸಕರಾಗಲು 25 ಬೇಕು. 2020ರ ಡಿಸೆಂಬರಿನಲ್ಲಿ ತಿರುವನಂತಪುರದ ಮೇಯರ್ ಆದ ಆರ್ಯಾ ರಾಜೇಂದ್ರನ್‌ಗೆ ಸರಿಯಾಗಿ 21. ಆಗ ಆಕೆ ಇನ್ನೂ ಕಾಲೇಜು ವಿದ್ಯಾರ್ಥಿನಿ.

● ಪಾಲಿಕೆ ಚುನಾವಣೆ ನಡೆಸುವುದು ದೆಹಲಿಯ ಚುನಾವಣಾ ಆಯೋಗವಲ್ಲ, ರಾಜ್ಯ ಚುನಾವಣಾ ಆಯೋಗ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು, ಅದನ್ನು ವಾರ್ಡ್‌ವಾರು ಹಂಚಿ ಹೊಸ ಪಟ್ಟಿ ಮಾಡುತ್ತಾರೆ. ಹಂಚುವಾಗ ಎದುರುಬದುರು ಮನೆಯವರು ಬೇರೆ ಬೇರೆ ವಾರ್ಡಿಗೆ ಹೋಗಬಹುದು, ಒಂದೇ ಮನೆಯ ಗಂಡ ಹೆಂಡಿರ ಹೆಸರು ಎರಡು ಕಡೆ ಸೇರಿರಲೂಬಹುದು. ಕರಡು ಪಟ್ಟಿ ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸಲು ಕೆಲವೇ ದಿನ ಇರುತ್ತದೆ. 1ನೇ ವಾರ್ಡು ಕೆಂಪೇಗೌಡ, 198ನೇ ವಾರ್ಡು ಹೆಮ್ಮಿಗೆಪುರ ಎಂಬ ಹಳೆಯ ಲೆಕ್ಕ ಈಗಿಲ್ಲ. ನಿಮ್ಮ ಹೊಸ ವಾರ್ಡಿನ ಸಂಖ್ಯೆ ನಿಮಗೆ ಗೊತ್ತೇ?