ತೋಟದ ಹಳ್ಳದಲ್ಲಿ ನೀರುನಾಯಿ ಇದೆಯಾ? ನೋಡೋದು ಹೀಗೆ

ಮಲೆನಾಡಿನ ಅಡಿಕೆ ಬೆಳೆಗಾರರನ್ನು ಮಾತಾಡಿಸಿ ನೋಡಿ. ಕಾಟಿ, ಹಂದಿ, ಮಂಗ ಎಲ್ಲದರ ಕಥೆ ಹೇಳ್ತಾರೆ. ತೋಟದ ಅಂಚಿನ ಹಳ್ಳದಲ್ಲೇ ಬದುಕುವ ನೀರುನಾಯಿಯನ್ನು ಕಂಡವರು ಮಾತ್ರ ಕಡಿಮೆ. ಬೆಳೆಗೆ ತೊಂದರೆ ಕೊಡೋದಿಲ್ಲ, ಓಡಾಟ ಹೆಚ್ಚಾಗಿ ಕತ್ತಲಲ್ಲಿ. ಹಾಗಾಗಿ ನಮ್ಮ ಲೆಕ್ಕಕ್ಕೇ ಬಂದಿಲ್ಲ.

ರಾಜ್ಯದಲ್ಲಿ ಮುಖ್ಯವಾಗಿ ಎರಡು ಬಗೆಯವು ಇವೆ. ತುಂಗಭದ್ರಾ, ಕಾವೇರಿಯಂಥ ದೊಡ್ಡ ಹೊಳೆಗಳಲ್ಲಿ ಗುಂಪು ಕಟ್ಟಿಕೊಂಡು ಮೀನು ಹಿಡಿಯೋದು ನುಣುಪು ಕೂದಲಿನ ನೀರುನಾಯಿ. ತುಂಗಭದ್ರೆಯ ಸುಮಾರು 34 ಕಿ.ಮೀ. ಹರಿವನ್ನು 2015ರಲ್ಲಿ ಸರ್ಕಾರ ನೀರುನಾಯಿಗಳಿಗೆಂದೇ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಅಲ್ಲಿ ಅದೃಷ್ಟವಿದ್ದರೆ ಬೆಳಗಿನ ಹೊತ್ತಲ್ಲೇ ಫೋಟೋ ಸಿಗತ್ತೆ. ಘಟ್ಟದ ಸಣ್ಣ ಹಳ್ಳಗಳಲ್ಲಿರೋದು ಸಣ್ಣ ಉಗುರಿನ ನೀರುನಾಯಿ. ಪ್ರಪಂಚದ ನೀರುನಾಯಿಗಳಲ್ಲೇ ಚಿಕ್ಕದು, ತೂಕ ಮೂರು ಕೆ.ಜಿ. ಆಸುಪಾಸು. ಕಲ್ಲಿನ ಸಂದಿಗೆ ಕೈ ಹಾಕಿ, ತಡಕಿ ಏಡಿ ಹಿಡಿಯತ್ತೆ. ಅದರ ಮುಖ್ಯ ಊಟವೇ ಏಡಿ.

ಪ್ರಾಣಿಯನ್ನು ಹುಡುಕಬೇಡಿ, ಹಿಕ್ಕೆ ಹುಡುಕಿ. ನೀರಿನಿಂದ ಎದ್ದು ನಿಂತ ಬಂಡೆಯ ಮೇಲೆ ಏಡಿ ಚಿಪ್ಪಿನ ಚೂರು ತುಂಬಿದ, ಮೀನು ವಾಸನೆಯ ಹಿಕ್ಕೆ ರಾಶಿ ಇದ್ದರೆ, ಪದೇ ಪದೇ ಅದೇ ಜಾಗದಲ್ಲಿ ಹೊಸದು ಬೀಳ್ತಾ ಇದ್ದರೆ, ನೀರುನಾಯಿ ಇರೋ ಸಾಧ್ಯತೆ ಹೆಚ್ಚು. ಮುಂಗುಸಿಯೂ ಏಡಿ ತಿನ್ನತ್ತೆ, ಗಡಿಬಿಡಿ ಬೇಡ. ಪಕ್ಕದ ಮರಳಲ್ಲಿ ಹೆಜ್ಜೆ ನೋಡಿ. ಎರಡಕ್ಕೂ ಐದು ಬೆರಳು. ಆದರೆ ಮುಂಗುಸಿಯ ಉದ್ದ ಉಗುರು ಮೂಡತ್ತೆ, ಇದರದ್ದು ಮೂಡೋದೇ ಕಷ್ಟ.

ಇನ್ನು ಫೋಟೋ. ಕಾದು ಕೂತು ತೆಗೆಯೋದು ನಮ್ಮಂಥ ಕೆಲಸದವರಿಗೆ ಆಗುವ ಮಾತಲ್ಲ. ಕ್ಯಾಮೆರಾ ಟ್ರ್ಯಾಪ್ ಸಾಕು. ಒಂದು ವಿಷಯ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ: ಈ ಕ್ಯಾಮೆರಾ ಚಾಲೂ ಆಗೋದು ಮೈಯ ಬಿಸಿ ಗುರುತಿಸಿ. ಆಗಷ್ಟೇ ನೀರಿಂದ ಎದ್ದ ನೀರುನಾಯಿಯ ಒದ್ದೆ ತುಪ್ಪಳ ತಣ್ಣಗಿರತ್ತೆ, ಎಷ್ಟೋ ಸಲ ಕ್ಯಾಮೆರಾಗೆ ಗೊತ್ತೇ ಆಗಲ್ಲ. ಆದ್ದರಿಂದ ದಡಕ್ಕಿಂತ ಹಿಕ್ಕೆ ಹಾಕುವ ಬಂಡೆಗೇ ಮುಖ ಮಾಡಿ, ಮೊಣಕಾಲಿಗಿಂತ ಕೆಳಗೆ ಕಟ್ಟಿ. ಅಲ್ಲಿ ಅದು ಮೈ ಉಜ್ಜಿಕೊಂಡು ಸ್ವಲ್ಪ ಹೊತ್ತು ನಿಲ್ಲತ್ತೆ. ನನಗೆ ಹನ್ನೊಂದನೇ ರಾತ್ರಿ ಹದಿನೈದು ಸೆಕೆಂಡಿನ ವಿಡಿಯೋ ಸಿಕ್ಕಿತು, ಎರಡು ನೀರುನಾಯಿ, ಒಂದರ ಬಾಯಲ್ಲಿ ಏಡಿ. ಅಷ್ಟಕ್ಕೇ ಮನೆಯವರೆಲ್ಲ ಫೋನಿಗೆ ಮುತ್ತಿಗೆ ಹಾಕಿದ್ದರು! ಮಳೆಗಾಲದಲ್ಲಿ ಕಟ್ಟಬೇಡಿ, ಹಳ್ಳ ಕ್ಯಾಮೆರಾ ಸಮೇತ ಹೋಗತ್ತೆ. ಅರಣ್ಯದೊಳಗಿನ ಹಳ್ಳವಾದರೆ ಇಲಾಖೆಯ ಅನುಮತಿ ಬೇಕು. ವಿಡಿಯೋ ಹಂಚಿಕೊಳ್ಳಿ, ಜಾಗದ ಹೆಸರು ಹಾಕಬೇಡಿ.

ಈಗ ನನ್ನ ತಕರಾರು. ಕೊಳೆರೋಗಕ್ಕೆ ನಾವೆಲ್ಲ ಬೋರ್ಡೋ ಹೊಡೀತೀವಿ, ಸಾವಯವದಲ್ಲೂ ಮಿತಿಯೊಳಗೆ ಅದಕ್ಕೆ ಒಪ್ಪಿಗೆ ಇದೆ. ಶೇ. 1ರ ದ್ರಾವಣ ಅಂದರೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ. ಅದರಲ್ಲಿರೋ ತಾಮ್ರ ಮೀನು, ಏಡಿಗಳಿಗೆ ವಿಷ. ಮೊದಲ ಸಿಂಪಡಣೆ ಮಳೆ ಹಿಡಿಯೋ ಮುಂಚೆ. ಆಗ ಹಳ್ಳದಲ್ಲಿ ಉಳಿದಿರೋದು ಅಲ್ಲೊಂದು ಇಲ್ಲೊಂದು ಗುಂಡಿ ನೀರು. ಡ್ರಮ್ಮು, ಪಂಪು ಅಲ್ಲೇ ತೊಳೆದರೆ ತಾಮ್ರ ಹರಿದು ಹೋಗೋದಾದರೂ ಎಲ್ಲಿಗೆ? ತೋಟ ಸಾವಯವ, ಹಳ್ಳಕ್ಕೆ ಮೈಲುತುತ್ತ ಅಂದರೆ ಹೇಗೆ ಹೇಳಿ. ಮೀನಿನ ಆಸೆಗೆ ಬ್ಲೀಚಿಂಗ್ ಪೌಡರ್ ಸುರಿಯುವವರದ್ದಂತೂ ಇನ್ನೂ ದೊಡ್ಡ ಅನಾಹುತ, ಒಂದೇ ದಿನಕ್ಕೆ ಗುಂಡಿ ಖಾಲಿ.

ದ್ರಾವಣ ಕಲಸುವ ಜಾಗ ಹಳ್ಳದಿಂದ ದೂರ ಇರಲಿ, ನೀರು ಪೈಪಿನಲ್ಲಿ ಅಲ್ಲಿಗೆ ಬರಲಿ. ತೊಳೆದ ನೀರನ್ನು ಮುಂದಿನ ದ್ರಾವಣಕ್ಕೇ ಸೇರಿಸಿಬಿಡಿ. ಬೇಸಿಗೆಯಲ್ಲಿ ಪಂಪ್ ಇಡುವಾಗ ಆಳದ ಒಂದು ಗುಂಡಿಯನ್ನಾದರೂ ಪೂರ್ತಿ ಬತ್ತಿಸದೆ ಬಿಡಿ. ಏಡಿ ಉಳಿಯೋದು ಅಲ್ಲೇ.