ಗೋವಾದ ಹಾಫ್ ಐರನ್‌ಮ್ಯಾನ್: ಹೋಗಬೇಕೋ, ಬೇಡವೋ?



ಕಳೆದ ತಿಂಗಳು ಧನಕವಡಿಯ ನನ್ನ ಕ್ಲಿನಿಕ್ಕಿಗೆ ಗಂಡ-ಹೆಂಡತಿ ಬಂದಿದ್ದರು. ಊರು ಧಾರವಾಡದ ಕಡೆ, ಪುಣೆಗೆ ಬಂದು ಹದಿನೈದು ವರ್ಷ. ಅವರಿಗೆ 44 ವರ್ಷ, ಸಾಫ್ಟ್‌ವೇರ್ ಕೆಲಸ. "ಸರ್, ಗೋವಾದ ಹಾಫ್ ಐರನ್‌ಮ್ಯಾನ್‌ಗೆ ಹೆಸರು ಕೊಡಬೇಕು ಅಂತಿದ್ದೀನಿ. ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು" ಎಂದರು. ಪಕ್ಕದಲ್ಲಿ ಕೂತಿದ್ದ ಅವರ ಮನೆಯವರು, "ಡಾಕ್ಟ್ರ, ನೀವಾದ್ರೂ ಬ್ಯಾಡ ಅಂತ ಹೇಳ್ರಿ" ಎಂದರು.

ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ಪುಣೆಯ ನಮ್ಮ ಕನ್ನಡದ ಮನೆಗಳಲ್ಲಿ ಈ ಮಾತು ಈಗ ಆಗಾಗ ಬರುತ್ತಿದೆ. ಹಾಗಾಗಿ ಅವತ್ತು ಅವರಿಗೆ ಹೇಳಿದ್ದನ್ನು ಎಲ್ಲರಿಗೂ ಅನುಕೂಲವಾಗಲಿ ಎಂದು ಬರೆಯುತ್ತಿದ್ದೇನೆ. ಅವರ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

*ಏನಿದು ಸ್ಪರ್ಧೆ?*

1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಂದರ ಹಿಂದೆ ಒಂದು, ನಡುವೆ ವಿಶ್ರಾಂತಿ ಇಲ್ಲ. ಒಟ್ಟು 113 ಕಿ.ಮೀ. ಪೂರ್ಣ ಐರನ್‌ಮ್ಯಾನ್‌ನ ಸರಿ ಅರ್ಧ. ಗೋವಾದಲ್ಲಿ ಇದು 2019ರಲ್ಲಿ ಶುರುವಾಯಿತು. ಪಣಜಿಯ ಮೀರಾಮಾರ್ ಕಡಲತೀರದಲ್ಲಿ ಬೆಳಗ್ಗೆ ಈಜು ಆರಂಭ. ಈಜಿಗೆ 1 ಗಂಟೆ 10 ನಿಮಿಷ ಗಡುವು, ಒಟ್ಟು ಮುಗಿಸಲು ಎಂಟೂವರೆ ಗಂಟೆ.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದ್ದು ನಿಮಗೆ ನೆನಪಿರಬಹುದು. ಆಮೇಲೆ ನಮ್ಮವರಲ್ಲಿ ಅನೇಕರು "ನಾನೂ ಮಾಡಬಹುದಲ್ಲ" ಎಂದು ಯೋಚಿಸತೊಡಗಿದರು. ರಾಜಕೀಯ ಬದಿಗಿರಲಿ, ಒಂದು ಅಂಶ ಗಮನಿಸಿ. ಆಗ ಅವರಿಗೆ 33 ವರ್ಷ. ಆದರೂ ಗಡುವಿಗೆ ಮೂರು ನಿಮಿಷವಷ್ಟೇ ಉಳಿದಿತ್ತು.

*ಮೊದಲು ಲಾಭ ನೋಡೋಣ*

ಲಾಭ ಇರುವುದು ಸ್ಪರ್ಧೆಯ ದಿನದಲ್ಲಿ ಅಲ್ಲ, ಅದಕ್ಕೆ ಮುಂಚಿನ ತಯಾರಿಯಲ್ಲಿ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ತಯಾರಾಗುವವರು ವಾರಕ್ಕೆ ಎಂಟು-ಹತ್ತು ಗಂಟೆ ಮಾಡುತ್ತಾರೆ. ಬಿ.ಪಿ. ಇಳಿಯುತ್ತದೆ, ಸಕ್ಕರೆ ಹಿಡಿತಕ್ಕೆ ಬರುತ್ತದೆ, ಸೊಂಟದ ಸುತ್ತಳತೆ ಕಡಿಮೆಯಾಗುತ್ತದೆ. ಬರೀ ಓಡುವವರಿಗೆ ಮೊಣಕಾಲು ನೋವು ಜಾಸ್ತಿ. ಇಲ್ಲಿ ಈಜು, ಸೈಕಲ್, ಓಟ ಮೂರೂ ಇರುವುದರಿಂದ ಭಾರ ಹಂಚಿಹೋಗುತ್ತದೆ. ಎದುರಿಗೆ ಒಂದು ದಿನಾಂಕ ಇದ್ದರೆ ಬೆಳಗ್ಗೆ ಏಳುವುದಕ್ಕೂ ಮನಸ್ಸು ಬರುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಎಷ್ಟೋ ಜನ ಹೆದರಿ ವ್ಯಾಯಾಮವನ್ನೇ ಬಿಟ್ಟರು. ಅದು ತಪ್ಪು. ಕೂತೇ ಇರುವ ಹೃದಯಕ್ಕೆ ಅಪಾಯ ಹೆಚ್ಚು. ಆದರೆ ಪರೀಕ್ಷೆ ಮಾಡಿಸದೆ ಒಮ್ಮೆಲೇ ಎಂಟು ಗಂಟೆಯ ಶ್ರಮಕ್ಕೆ ಇಳಿಯುವುದೂ ಅಷ್ಟೇ ತಪ್ಪು.

*ಅಪಾಯ ಎಲ್ಲಿದೆ?*

ಕೊನೆಯ ಓಟದಲ್ಲಿ, ಸುಸ್ತಾದಾಗ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಮೆರಿಕದಲ್ಲಿ 1985ರಿಂದ 2016ರವರೆಗೆ ನಡೆದ ಟ್ರಯಥ್ಲಾನ್‌ಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳಲ್ಲಿ 90 ನಡೆದದ್ದು ಈಜುವಾಗ. ನೂರಕ್ಕೆ 85 ಮಂದಿ ಗಂಡಸರು, ಸರಾಸರಿ ವಯಸ್ಸು ಸುಮಾರು 47. ಒಟ್ಟಾರೆ ಲೆಕ್ಕ ಒಂದು ಲಕ್ಷ ಸ್ಪರ್ಧಿಗಳಿಗೆ 1.74. ಬಹಳ ಕಡಿಮೆ ನಿಜ. ಆದರೆ 60 ದಾಟಿದ ಗಂಡಸರಲ್ಲಿ ಇದೇ ಲೆಕ್ಕ 18.6ಕ್ಕೆ ಏರುತ್ತದೆ.

ಈಜಿನಲ್ಲೇ ಏಕೆ? ನೂರಾರು ಜನರ ನಡುವೆ ನೀರಿಗೆ ಇಳಿಯುವಾಗ ಆತಂಕಕ್ಕೆ ಬಡಿತ ಏರುತ್ತದೆ. ಅಲೆಯಲ್ಲಿ ಉಸಿರಾಟದ ಲಯ ತಪ್ಪುತ್ತದೆ. ಕೆಲವರಿಗೆ, ಅದರಲ್ಲೂ ಬಿ.ಪಿ. ಇರುವವರಿಗೆ, ಈಜುವಾಗ ಶ್ವಾಸಕೋಶದಲ್ಲಿ ನೀರು ತುಂಬಿ ಕೆಮ್ಮು, ಗುಲಾಬಿ ಬಣ್ಣದ ನೊರೆ ಬರುತ್ತದೆ. ರಸ್ತೆಯಲ್ಲಿ ತಲೆ ಸುತ್ತಿದರೆ ಕೂರಬಹುದು. ನೀರಿನಲ್ಲಿ ಕೂರಲು ಜಾಗ ಇಲ್ಲ. ಎದೆ ಒತ್ತಿ ಉಳಿಸಬೇಕಾದರೂ ಮೊದಲು ದಡಕ್ಕೆ ಅಥವಾ ದೋಣಿಗೆ ತರಬೇಕು. ಆ ಕೆಲವು ನಿಮಿಷಗಳೇ ಮುಖ್ಯ.

*ಗೋವಾದ ದಾರಿ: ಒಳ್ಳೆಯದು, ಕೆಟ್ಟದ್ದು*

ಈಜು: ನೀರು ಬೆಚ್ಚಗಿರುತ್ತದೆ, ಹಾಗಾಗಿ ತಣ್ಣೀರಿನ ಆಘಾತ ಇಲ್ಲ. ಉಪ್ಪುನೀರು ದೇಹವನ್ನು ಸ್ವಲ್ಪ ತೇಲಿಸುತ್ತದೆ. ಆದರೆ ನೀರು ಬೆಚ್ಚಗಿರುವುದರಿಂದಲೇ ವೆಟ್‌ಸೂಟ್ ಹಾಕುವಂತಿಲ್ಲ. ಯುರೋಪಿನ ತಣ್ಣೀರಿನ ಸ್ಪರ್ಧೆಗಳಲ್ಲಿ ಆ ದಪ್ಪ ಉಡುಪು ತೇಲಲು ಸಹಾಯ ಮಾಡುತ್ತದೆ, ಇಲ್ಲಿ ಅದು ಸಿಗುವುದಿಲ್ಲ. ಅಲೆ ಇರುತ್ತದೆ, ತಳ ಕಾಣುವುದಿಲ್ಲ. ಪುಣೆಯ ನಮಗೆ ಅಭ್ಯಾಸ ಇರುವುದು 25 ಮೀಟರ್ ಕೊಳದಲ್ಲಿ. 1.9 ಕಿ.ಮೀ. ಅಂದರೆ ಅಲ್ಲಿ 76 ಉದ್ದ, ಪ್ರತಿ 25 ಮೀಟರಿಗೆ ಹಿಡಿದುಕೊಳ್ಳಲು ಗೋಡೆ. ಸಮುದ್ರದಲ್ಲಿ ಗೋಡೆ ಇಲ್ಲ. ಸಮುದ್ರ ಬೇಡ ಎನ್ನುವವರಿಗೆ ಕೆರೆಯ ಸ್ಪರ್ಧೆಗಳಿವೆ. ಕೊಲ್ಹಾಪುರದ ರಾಜಾರಾಮ ತಲಾವ್‌ನಲ್ಲಿ ಈಜಿ ಇದೇ 113 ಕಿ.ಮೀ. ಮುಗಿಸುವವರಿದ್ದಾರೆ. ಅಲ್ಲಿ ಅಲೆಯ ಕಾಟ ಇಲ್ಲ, ಆದರೆ ಉಪ್ಪುನೀರಿನ ಸಹಾಯವೂ ಇಲ್ಲ.

ಸೈಕಲ್: ಸ್ಪರ್ಧೆಯ ಹೊತ್ತಿನಲ್ಲಿ ರಸ್ತೆಗೆ ವಾಹನ ಬಿಡುವುದಿಲ್ಲ. ಅದೇ ದಾರಿಯಲ್ಲಿ ಸುತ್ತುವುದರಿಂದ ವೈದ್ಯರ ತಂಡ ತೀರಾ ದೂರ ಇರುವುದಿಲ್ಲ. ಅಪಾಯ ಇರುವುದು ಇಲ್ಲಿ, ನಮ್ಮ ತಯಾರಿಯಲ್ಲಿ. ಕಾತ್ರಜ್ ಘಾಟ್ ಮತ್ತು ಬೈಪಾಸ್‌ನಲ್ಲಿ ನಸುಕಿನಲ್ಲೂ ಲಾರಿಗಳು. ನವಲೆ ಸೇತುವೆಯ ಅಪಘಾತಗಳ ಸುದ್ದಿ ನೀವು ಓದುತ್ತಲೇ ಇರುತ್ತೀರಿ. ಬೆಳಕು ಹರಿದ ಮೇಲೆ, ಗುಂಪಿನಲ್ಲಿ, ಹೆಲ್ಮೆಟ್ ಮತ್ತು ಹಿಂದಿನ ಕೆಂಪು ದೀಪದೊಂದಿಗೆ ಹೋಗಿ. ವಾರದ ನಡುವೆ ಮನೆಯಲ್ಲೇ ಟ್ರೇನರ್ ಮೇಲೆ ಸೈಕಲ್ ಇಟ್ಟು ತುಳಿದರೂ ಹೃದಯಕ್ಕೆ ಅಷ್ಟೇ ಲಾಭ.

ಓಟ: ಇಲ್ಲಿ ಒಂದು ಲೆಕ್ಕ ಹಾಕೋಣ. ನೀವು ಈಜನ್ನು 55 ನಿಮಿಷದಲ್ಲಿ ಮುಗಿಸಿ, ಬಟ್ಟೆ ಬದಲಿಸಲು ಹತ್ತು ನಿಮಿಷ ತೆಗೆದುಕೊಂಡು, ಗಂಟೆಗೆ 21 ಕಿ.ಮೀ. ವೇಗದಲ್ಲಿ ಸೈಕಲ್ ತುಳಿದರೆ ಓಟ ಶುರುವಾಗುವ ಹೊತ್ತಿಗೆ ಸುಮಾರು ಐದೂವರೆ ಗಂಟೆ ಕಳೆದಿರುತ್ತದೆ. ಏಳು ಗಂಟೆಗೆ ನೀರಿಗೆ ಇಳಿದವರಿಗೆ ಆಗ ಮಧ್ಯಾಹ್ನ ಹನ್ನೆರಡೂವರೆ. ಮೂರೂವರೆಯವರೆಗೆ ಗೋವಾದ ಬಿಸಿಲು, ಬೆವರು ಒಣಗದ ತೇವದ ಗಾಳಿ. ವೇಗದ ತರುಣರು ಅಷ್ಟರಲ್ಲಿ ಊಟಕ್ಕೆ ಕೂತಿರುತ್ತಾರೆ. ಅಂದರೆ ಅತಿ ಬಿಸಿಲಿನ ಓಟ ಸಿಗುವುದು ನಿಧಾನವಾಗಿ ಹೋಗುವ ನಲವತ್ತು-ಐವತ್ತು ದಾಟಿದವರಿಗೇ. ಪುಣೆಯ ತಂಪಿನಲ್ಲಿ, ಬೆಳಗ್ಗೆ ಆರಕ್ಕೆ ತಳಜಾಯಿ ಗುಡ್ಡದಲ್ಲಿ ಓಡಿದ ಅಭ್ಯಾಸ ಅಲ್ಲಿ ಪೂರ್ತಿ ಸಾಲದು.

*ಹೆಸರು ಕೊಡುವ ಮುಂಚೆ*

ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮುಂಚೆ ಬರುತ್ತದೆ. ಹಾಗಾಗಿ 35 ದಾಟಿದವರು ಇವನ್ನು ಮಾಡಿಸಿ:

1. ಮನೆಯ ಇತಿಹಾಸ. ತಂದೆಗೆ ಅಥವಾ ಅಣ್ಣ-ತಮ್ಮಂದಿರಿಗೆ 55ಕ್ಕೆ ಮುಂಚೆ, ತಾಯಿಗೆ ಅಥವಾ ಅಕ್ಕ-ತಂಗಿಯರಿಗೆ 65ಕ್ಕೆ ಮುಂಚೆ ಹೃದಯದ ತೊಂದರೆ ಬಂದಿತ್ತೇ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೇ? ಊರಿಗೆ ಫೋನ್ ಮಾಡಿ ಕೇಳಿ.

2. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್.

3. ಇ.ಸಿ.ಜಿ. ಮತ್ತು ಎಕೋ. ಹುಟ್ಟಿನಿಂದ ಬಂದ ದೋಷ, ದಪ್ಪವಾದ ಹೃದಯದ ಸ್ನಾಯು ಇದರಲ್ಲಿ ಗೊತ್ತಾಗುತ್ತದೆ.

4. ಟ್ರೆಡ್‌ಮಿಲ್ ಪರೀಕ್ಷೆ. ಆದರೆ ಇದು ನಾರ್ಮಲ್ ಬಂದರೆ ಎಲ್ಲ ಸರಿ ಎಂದಲ್ಲ. ರಕ್ತನಾಳ ಅರ್ಧಕ್ಕಿಂತ ಕಡಿಮೆ ಕಟ್ಟಿದ್ದರೆ ಇದು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಅಂಥ ಸಣ್ಣ ಗಡ್ಡೆ ಒಡೆದೂ ಹೃದಯಾಘಾತ ಆಗಬಹುದು. ಅಪಾಯದ ಅಂಶ ಇರುವವರಿಗೆ ಸಿ.ಟಿ. ಯಂತ್ರದಲ್ಲಿ ಕ್ಯಾಲ್ಸಿಯಂ ಸ್ಕೋರ್ ನೋಡಲು ಹೇಳುತ್ತೇವೆ.

ಶ್ರಮಪಟ್ಟಾಗ ಎದೆ ಬಿಗಿತ, ತಲೆ ಸುತ್ತು, ಎಂದೂ ಇಲ್ಲದ ಏದುಸಿರು, ಬಡಿತ ತಪ್ಪಿದಂತೆ ಅನಿಸುವುದು, ಮೂರ್ಛೆ: ಇವುಗಳಲ್ಲಿ ಒಂದು ಬಂದರೂ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ನೋಡಿ. "ಗ್ಯಾಸ್ ಇರಬೇಕು" ಎಂದು ಸುಮ್ಮನಾಗಬೇಡಿ. ಜ್ವರ, ಡೆಂಗಿ, ಕೋವಿಡ್ ಬಂದುಹೋದ ಮೇಲೆ ಪೂರ್ತಿ ಚೇತರಿಸಿಕೊಳ್ಳುವವರೆಗೆ ಕಠಿಣ ಅಭ್ಯಾಸ ಬೇಡ. ಹೃದಯದ ಸ್ನಾಯುವಿಗೂ ಊತ ಬಂದಿರಬಹುದು.

*ಸ್ಪರ್ಧೆಯ ದಿನ ಮಾಡುವ ಮೂರು ತಪ್ಪು*

ಒಂದು, ಬಾಯಾರಿಕೆ ಇಲ್ಲದಿದ್ದರೂ ಬರೀ ನೀರು ಕುಡಿಯುತ್ತಲೇ ಇರುವುದು. ರಕ್ತದಲ್ಲಿ ಸೋಡಿಯಂ ಇಳಿದು ಗೊಂದಲ, ಫಿಟ್ಸ್ ಬರಬಹುದು. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಓ.ಆರ್.ಎಸ್. ಜೊತೆಗಿರಲಿ. ಎರಡು, ನೋವು ಬರಬಾರದೆಂದು ಮೊದಲೇ ಬ್ರೂಫೆನ್, ಡೈಕ್ಲೋಫೆನ್ಯಾಕ್ ಥರದ ಮಾತ್ರೆ ನುಂಗುವುದು. ಬಿಸಿಲಿನಲ್ಲಿ ಬೆವರಿ ಬತ್ತಿದ ದೇಹದಲ್ಲಿ ಇದು ಕಿಡ್ನಿಗೆ ಪೆಟ್ಟು. ಮೂರು, ಬಿ.ಪಿ. ಮಾತ್ರೆಯನ್ನು ತಾವಾಗಿಯೇ ಬಿಡುವುದು. ಕೆಲವು ಮಾತ್ರೆ ಬಡಿತ ಇಳಿಸುತ್ತವೆ, ಕೆಲವು ಮೂತ್ರ ಹೆಚ್ಚಿಸುತ್ತವೆ. ಬದಲಿಸುವುದು ಬೇಕಾದರೆ ತಿಂಗಳು ಮುಂಚೆ ನಿಮ್ಮ ವೈದ್ಯರ ಹತ್ತಿರ ಮಾತಾಡಿ.

*ಆ ದಂಪತಿಗೆ ಏನು ಹೇಳಿದೆ?*

ಅವರ ತಂದೆಗೆ 52ನೇ ವಯಸ್ಸಿನಲ್ಲಿ ಹೃದಯಾಘಾತ ಆಗಿತ್ತು. ಇದನ್ನು ಹೇಳಿದವರು ಅವರಲ್ಲ, ಅವರ ಮನೆಯವರು. ಬಿ.ಪಿ. 148/94. ಕೆಟ್ಟ ಕೊಲೆಸ್ಟರಾಲ್ 162. ಟ್ರೆಡ್‌ಮಿಲ್ ನಾರ್ಮಲ್. ಕ್ಯಾಲ್ಸಿಯಂ ಸ್ಕೋರ್ ಮಾಡಿಸಿದಾಗ 85 ಬಂತು. 44ರ ವಯಸ್ಸಿಗೆ ಇದು ಹೆಚ್ಚು. ರಕ್ತನಾಳದಲ್ಲಿ ಕೊಬ್ಬು ಕೂರಲು ಶುರುವಾಗಿ ವರ್ಷಗಳೇ ಆಗಿವೆ ಎಂದರ್ಥ.

ಸರ್ಟಿಫಿಕೇಟ್ ಕೊಡಲಿಲ್ಲ. ಅವರ ಮುಖ ಬಾಡಿತು. ಆದರೆ ವ್ಯಾಯಾಮ ಬಿಡಿ ಎಂದೂ ಹೇಳಲಿಲ್ಲ. ಮಾತ್ರೆ ಶುರುವಾಗಿದೆ. ಈ ವರ್ಷ ಕೊಳದಲ್ಲಿ ಈಜು, ತಳಜಾಯಿಯಲ್ಲಿ ನಡಿಗೆ ಮತ್ತು ನಿಧಾನ ಓಟ, ಭಾನುವಾರ ಸೈಕಲ್. ಮಾತಾಡುತ್ತಾ ಮಾಡಬಹುದಾದಷ್ಟು ಶ್ರಮ, ಅದಕ್ಕಿಂತ ಹೆಚ್ಚಿಲ್ಲ. ಆರು ತಿಂಗಳ ನಂತರ ಬಿ.ಪಿ., ಕೊಲೆಸ್ಟರಾಲ್ ಹಿಡಿತಕ್ಕೆ ಬಂದಿದ್ದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಸಣ್ಣ ಸ್ಪರ್ಧೆ. ಆಮೇಲೆ ಅದರ ಎರಡರಷ್ಟು. ಗೋವಾದ ಮಾತು ಅದರ ನಂತರ, ಮತ್ತೆ ಪರೀಕ್ಷೆ ಮಾಡಿ. ಅವರಿಗೆ ಆ ಗೋವಾ ಕನಸು ಬರದಿದ್ದರೆ ಈ ಪರೀಕ್ಷೆಗಳೂ ಆಗುತ್ತಿರಲಿಲ್ಲ. ಹಾಗಾಗಿ ಆ ಕನಸಿಗೆ ನಾನು ಬೈಯಲಿಲ್ಲ.

ಅವರ ಮನೆಯವರಿಗೂ ಒಂದು ಕೆಲಸ ಹೇಳಿದೆ: ಎದೆ ಒತ್ತುವುದನ್ನು ಕಲಿಯಿರಿ. ಕುಸಿದವರಿಗೆ ಎಚ್ಚರ ಇಲ್ಲ, ಉಸಿರಾಟ ಸರಿಯಿಲ್ಲ ಎಂದರೆ 108ಕ್ಕೆ ಫೋನ್ ಮಾಡಿ, ಎದೆಯ ನಡುವೆ ಎರಡೂ ಕೈಯಿಟ್ಟು, ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ, ಸಹಾಯ ಬರುವವರೆಗೆ ಒತ್ತುತ್ತಿರಬೇಕು. ಊರಿನಿಂದ ದೂರ ಇರುವ ನಮಗೆ ರಾತ್ರಿ ಕರೆದರೆ ಓಡಿಬರುವ ಅಣ್ಣ-ತಮ್ಮಂದಿರು ಪಕ್ಕದ ಮನೆಯಲ್ಲಿಲ್ಲ. ಮನೆಯಲ್ಲಿ ಇಬ್ಬರಿಗಾದರೂ ಇದು ಗೊತ್ತಿರಲಿ.

ನಿಮ್ಮ ಮನೆಯಲ್ಲಿ, ಸೊಸೈಟಿಯಲ್ಲಿ, ಆಫೀಸಿನಲ್ಲಿ ಯಾರಾದರೂ ಇಂಥ ಸ್ಪರ್ಧೆಗೆ ತಯಾರಾಗುತ್ತಿದ್ದರೆ ಇದನ್ನು ಅವರಿಗೆ ಕಳಿಸಿ. ಅವರ ಮನೆಯವರಿಗೂ ಕಳಿಸಿ. ತಂದೆಯ ಹೃದಯಾಘಾತದ ವಿಷಯ ಹೇಳುವವರು ಹೆಚ್ಚಾಗಿ ಅವರೇ.

ಈ ಬರಹ ಸಾಮಾನ್ಯ ತಿಳುವಳಿಕೆಗಾಗಿ. ನಿಮ್ಮ ಮಾತ್ರೆ, ಪರೀಕ್ಷೆಗಳ ಬಗ್ಗೆ ನಿಮ್ಮನ್ನು ನೋಡಿದ ವೈದ್ಯರ ಮಾತೇ ಕೊನೆ.